ಸರದಿ

ಬ್ಯಾಂಕಿನಲ್ಲಿ ನನ್ನ ಹೆಸರಿನ ಖಾತೆಯೊಂದಿದೆ.
ಒಳಗೆ ಹಣವಿದೆ. ನನ್ನದೇ.
ತಿಂಗಳಿಗೊಮ್ಮೆ ಕಿಂಡಿ ತೆರೆದು ಅಳೆದು ಸುರಿಯುತ್ತದೆ,
ಜೈಲಿನಲ್ಲಿ ಗಂಜಿ ಬಡಿಸುವ ಹಾಗೆ.
ಮಿಕ್ಕಿದ್ದನ್ನು ನೋಡಬಹುದು, ಮುಟ್ಟುವಂತಿಲ್ಲ.

ಕಾಸೆಲ್ಲಿಗೆ ಬಂದ ಮೊದಲ ವಾರ
ರಾತ್ರಿ ಎದ್ದೆದ್ದು ಫೋನಿನಲ್ಲಿ ಆ ಅಂಕಿ ನೋಡುತ್ತಿದ್ದೆ.
ಅಪ್ಪನ ಹಳದಿ ಟ್ಯಾಕ್ಸಿ,
ದೊಡ್ಡಮ್ಮನ ಮೂರು ಹೊಲಿಗೆ ಯಂತ್ರ,
ಬಮೆಂಡಾದ ಚರ್ಚಿನ ಹೆಂಗಸರು ಕೊಟ್ಟ ಕೈಸಾಲ,
ಎಲ್ಲ ಕರಗಿ ಐದು ಅಂಕೆಗಳಾಗಿ
ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದವು.

ಪಾಠಕ್ಕೆ ಇಲ್ಲಿ ಶುಲ್ಕವಿಲ್ಲವಂತೆ, ಎನ್ನುತ್ತಾರೆ ಊರಲ್ಲಿ.
ನಿಜ, ಇಲ್ಲ.
ಪಾಠದ ಹೊತ್ತಿಗೆ ಉಸಿರಾಡುತ್ತಿರಬೇಕಲ್ಲ,
ಶುಲ್ಕ ಅದಕ್ಕೆ.

ವಿದ್ಯಾರ್ಥಿವೇತನ ಹುಡುಕಿದೆ.
ಒಂದು, ಆರ್ಗನ್ ವಾದ್ಯ ಕಟ್ಟುವವರ ಮಕ್ಕಳಿಗೆ.
ಒಂದು, ಇದೇ ಜಿಲ್ಲೆಯಲ್ಲಿ ಹುಟ್ಟಿದ ಅನಾಥರಿಗೆ.
(ಅಪ್ಪಾ, ಕ್ಷಮಿಸು, ಅರೆಗಳಿಗೆ ಲೆಕ್ಕ ಹಾಕಿದೆ.)
ಮೂರನೆಯದು ಕೇಳಿತು: ನಿಮ್ಮ ಕಷ್ಟ ವಿವರಿಸಿ,
ಎರಡು ಪುಟ ಮೀರದಂತೆ.
ಎರಡೂವರೆಯಾಯಿತು.
ಅಮ್ಮನ ಆಪರೇಷನ್ ತೆಗೆದುಹಾಕಿದೆ. ಹಿಡಿಸಿತು.
ಉತ್ತರ ಸಭ್ಯವಾಗಿತ್ತು. ಒಂದೇ ಪುಟ.

ಆಮೇಲೆ ಲೋಫೆಲ್ಡನ್ನಿನ ಗೋದಾಮು, ರಾತ್ರಿಪಾಳಿ.
ಪಟ್ಟಿಯ ಮೇಲೆ ಹರಿದು ಬರುತ್ತವೆ
ಯಾರದೋ ಬೂಟು, ಯಾರದೋ ಬೆಕ್ಕಿನ ತಿನಿಸು.
ಹಗಲು ನೀರಿನ ಹರಿವಿನ ಸಮೀಕರಣ,
ಇರುಳು ಈ ಹರಿವು, ಸಮೀಕರಣವಿಲ್ಲದ್ದು.
ಅದೂ ವರ್ಷಕ್ಕೆ ಇಂತಿಷ್ಟೇ ದಿನ.
ದುಡಿಯದಿದ್ದರೆ ಬಿಲ್ಲು, ಜಾಸ್ತಿ ದುಡಿದರೆ ಕಾನೂನು.

ಆಗಸ್ಟಿನಲ್ಲಿ ವಿದೇಶಿಯರ ಕಚೇರಿಯ ಕಾಗದ:
ಮುಂದಿನ ವರ್ಷವೂ ಬದುಕುವಿರೆಂದು ತೋರಿಸಿ.
ಸೆಪ್ಟೆಂಬರಿನೊಳಗೆ.
ಎಣಿಸಿದೆ. ಎರಡು ಸಾವಿರದ ಮುನ್ನೂರು ಯೂರೋ ಕಡಿಮೆ ಬದುಕು.

ತಿಂಗಳ ಮೊದಲ ಭಾನುವಾರ
ಮಾ ಕಿಯೆನ್ ಮನೆಯಲ್ಲಿ ನಮ್ಮ ಊರಿನವರ ನ್ಜಾಂಗಿ.
ಚೀಟಿಯೇ. ಹನ್ನೆರಡು ಜನ, ತಲೆಗೆ ಇನ್ನೂರು,
ಸರದಿ ಬಂದವರು ಎತ್ತಿಕೊಳ್ಳಬೇಕು.
ತಡವಾದರೆ ಐದು ಯೂರೋ ದಂಡ,
ಚಪ್ಪಲಿ ಒಳಗೆ ತಂದರೂ ಐದು.
ನನ್ನ ಸರದಿ ನವೆಂಬರ್.
ಸೆಪ್ಟೆಂಬರ್ ಚೆನ್ವಿಯದು.

ಚೆನ್ವಿಗೆ ಕಾರಿನ ಲೈಸೆನ್ಸ್ ಬೇಕಿತ್ತು.
ಗೋದಾಮಿನ ಪಟ್ಟಿ ಬಿಟ್ಟು ವ್ಯಾನು ಓಡಿಸಬೇಕಿತ್ತು.
ಎರಡು ವರ್ಷದಿಂದ ಸೊಂಟ ಹಿಡಿದುಕೊಂಡು ಅದನ್ನೇ ಹೇಳುತ್ತಿದ್ದ.
ಕೇಳಿದೆ. ಎಲ್ಲರೆದುರು, ತಲೆ ತಗ್ಗಿಸದೆ ಕೇಳಿದೆ,
ತಗ್ಗಿಸಿದರೆ ಕೇಳಲಾರೆನೆಂದು.
ಅವನು ಸಾರಿನಲ್ಲಿ ಮುದ್ದೆ ಅದ್ದುತ್ತಿದ್ದ.
ಅದ್ದುತ್ತಲೇ ಇದ್ದ.
ಯಾರೋ ಟಿವಿಯ ಸದ್ದು ಕಡಿಮೆ ಮಾಡಿದರು,
ಅದು ಮೊದಲೇ ಆಫ್ ಆಗಿತ್ತು.

"ಇಲ್ಲ" ಎಂದ.
ಕೈ ತೊಳೆದು ಬಂದ.
"ಇಲ್ಲ ಅಂದರೆ ನನ್ನಮ್ಮ ನಿನ್ನ ದೊಡ್ಡಮ್ಮನ ಗಿರಾಕಿ,
ಅವಳಿಗೆ ಏನು ಹೇಳಲಿ?"
ಸಿಟ್ಟಿನಿಂದಲೇ ಹೇಳಿದ. ನಗಲಿಲ್ಲ.
ಮಾ ಕಿಯೆನ್ ಪೆನ್ಸಿಲಿನ ಹಿಂಬದಿಯಿಂದ
ಪುಸ್ತಕದಲ್ಲಿ ಅವನ ಹೆಸರು ಉಜ್ಜಿದಳು.
ಪೂರ್ತಿ ಹೋಗಲಿಲ್ಲ.
ಅದರ ಮೇಲೆಯೇ ಬರೆದಳು: ಲುಮ್.

ಕಚೇರಿಯ ಹೆಂಗಸು ಕನ್ನಡಕದ ಮೇಲಿಂದ ಕೇಳಿದಳು,
ಇದೊಂದು ಮೊತ್ತ ಒಮ್ಮೆಗೇ ಎಲ್ಲಿಂದ ಬಂತು?
ಸರದಿ ಎನ್ನುವುದಕ್ಕೆ ಅವಳ ಭಾಷೆಯಲ್ಲಿ
ನನಗೆ ಸಿಕ್ಕಿದ ಪದ, ಬಸ್ಸಿಗೆ ಸಾಲು ನಿಲ್ಲುವುದು.
"ಉಳಿತಾಯ" ಎಂದೆ.
ಠಸ್ಸೆ ಬಿತ್ತು.

ನವೆಂಬರಿನಲ್ಲಿ ನನ್ನ ಇನ್ನೂರು ಕೊಟ್ಟೆ,
ಅವನು ಎತ್ತಿಕೊಂಡ. ಎಣಿಸಿದ, ಎರಡು ಸಲ.
ಡಿಸೆಂಬರಿನ ಒಂದು ಸಂಜೆ, ಜಿಟಿಜಿಟಿ ಹಿಮ,
ಸಿಗ್ನಲ್ಲಿನಲ್ಲಿ ರಸ್ತೆ ದಾಟಲು ನಿಂತಿದ್ದೆ.
ಕಲಿಯುವವರ ಕಾರೊಂದು ಹಸಿರು ದೀಪಕ್ಕೆ ಮುಗ್ಗರಿಸಿ
ಆಫ್ ಆಯಿತು.
ಹಿಂದೆ ಅರ್ಧ ಊರು ಹಾರ್ನ್ ಒತ್ತಿತು.
ಒಳಗೆ ಚೆನ್ವಿ, ಎರಡೂ ಕೈಯಲ್ಲಿ ಸ್ಟೀರಿಂಗ್ ಬಿಗಿಹಿಡಿದು,
ನನ್ನ ಕಡೆ ನೋಡಲಿಲ್ಲ.
ದೀಪ ಮತ್ತೆ ಕೆಂಪಾಯಿತು.
ನಾನು ದಾಟಬಹುದಿತ್ತು.
ಅವನು ಸ್ಟಾರ್ಟ್ ಮಾಡುವವರೆಗೆ ನಿಂತೆ.